ಪಂಡಿತರ ಚದುರಂಗಕ್ಕೆ ಬೆಲೆ ಕಟ್ಟಿದ್ದು

ವಸ್ತುಗಳಿಗೆ ಬೆಲೆ ಕಟ್ಟುವ ವಿಷಯದಲ್ಲಿ ನನ್ನಷ್ಟು ದಡ್ಡ ಸಾಗರದ ಪೇಟೆಯಲ್ಲಿ ಇನ್ನೊಬ್ಬನಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸಂತೆಯಲ್ಲಿ ನಾನು ಆರಿಸಿ ತಂದ ಬದನೆಕಾಯಿ ಮನೆಗೆ ಬರುವಷ್ಟರಲ್ಲಿ ಹುಳಕಾಗಿರುತ್ತದೆ. ಗಟ್ಟಿ ಎಂದು ನಂಬಿ ಕೊಂಡ ಕೊಡೆ ಮೊದಲ ಗಾಳಿಗೆ ತಿರುವುಮುರುವಾಗುತ್ತದೆ. ನನ್ನ ಹೆಂಡತಿ ತೀರ್ಥಹಳ್ಳಿ ಕಡೆಯವಳು. ಅವಳ ತಂದೆ ಎಮ್ಮೆಯ ಬೆನ್ನನ್ನೊಮ್ಮೆ ತಟ್ಟಿ ಅದರ ವಯಸ್ಸು, ಹಾಲು, ಸ್ವಭಾವ ಮೂರನ್ನೂ ಹೇಳಬಲ್ಲವರೆಂದು ಆ ಸೀಮೆಯಲ್ಲೆಲ್ಲ ಹೆಸರು. "ನಮ್ಮ ಅಪ್ಪಯ್ಯ ಬೆಲೆ ಕಟ್ಟೋದ್ರಲ್ಲಿ ಒಂದೇ ಒಂದು ಸಲ ತಪ್ಪಿದ್ದು. ಅಳಿಯನ್ನ ನೋಡೋವಾಗ" ಎಂದು ಅವಳು ನೆಂಟರೆದುರಿಗೆ ಹೇಳುವುದುಂಟು. ಇಂಥ ನನ್ನನ್ನು ಹುಡುಕಿ, ಅರವತ್ತರ ದಶಕದ ನಡುವಿನಲ್ಲೊಮ್ಮೆ, ಒಂದು ಹಳೆಯ ದಂತದ ಚದುರಂಗಕ್ಕೆ ಬೆಲೆ ಕಟ್ಟಿಕೊಂಡು ಬಾ ಎಂದು ಕೋರ್ಟೇ ಕಳಿಸಿತು.

ನಾನಾಗ ಎರಡು ವರ್ಷದ ವಕೀಲ. ಕಕ್ಷಿದಾರರು ಹೆಚ್ಚಿರಲಿಲ್ಲ. ಇದ್ದ ಇಬ್ಬರಲ್ಲಿ ಒಬ್ಬ ನನ್ನ ಚಿಕ್ಕಪ್ಪ. ಕೋರ್ಟಿನಲ್ಲಿ ಸುಮ್ಮನೆ ಕೂತಿರುವ ಇಂಥ ಕಿರಿಯರ ಮೇಲೆ ಮುನ್ಸೀಫರಿಗೆ ಕರುಣೆ ಬಂದರೆ "ಕಮಿಷನರ್" ಎಂದು ನೇಮಿಸುತ್ತಿದ್ದರು. ಹೆಸರು ಕೇಳಿ ದೊಡ್ಡ ಹುದ್ದೆ ಎಂದು ನನ್ನ ತಾಯಿ ದೇವರಿಗೆ ತುಪ್ಪದ ದೀಪ ಹಚ್ಚಿದರು. ಅದು ಬೇರೇನೂ ಅಲ್ಲ, ಕೋರ್ಟಿನ ಪರವಾಗಿ ಹೋಗಿ ವ್ಯಾಜ್ಯದ ಸೊತ್ತನ್ನು ಕಣ್ಣಾರೆ ನೋಡಿ, ಹೀಗಿದೆ, ಇಷ್ಟು ಬಾಳುತ್ತದೆ ಎಂದು ವರದಿ ಬರೆಯುವ ಕೆಲಸ.

ವ್ಯಾಜ್ಯ ಹೊಸನಗರದ ಇಬ್ಬರು ಅಣ್ಣತಮ್ಮಂದಿರದು. ಅವರ ತಂದೆ ನಾರುಬೇರಿನ ಔಷಧಿ ಕೊಡುವ ವೈದ್ಯರು, ಊರಿನವರ ಬಾಯಲ್ಲಿ "ಪಂಡಿತರು". ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅಣ್ಣ ಅನಂತಯ್ಯ ಶಾಲಾ ಮಾಸ್ತರರಾಗಿ ನಿವೃತ್ತರಾದವರು, ತಮ್ಮ ಶ್ರೀಪತಯ್ಯನಿಗೆ ಪೇಟೆಯಲ್ಲಿ ಜವಳಿ ಅಂಗಡಿ. ಮನೆ, ಗದ್ದೆ, ಪಾತ್ರೆ ಪಡಗ ಎಲ್ಲವೂ ಪಂಚಾಯಿತಿಯಲ್ಲಿ ಒಂದೇ ದಿನಕ್ಕೆ ಪಾಲಾಗಿತ್ತು. ಉಳಿದದ್ದು ಪಂಡಿತರು ದಿನವೂ ಒಬ್ಬರೇ ಕೂತು ಎರಡೂ ಕಡೆಯ ಕಾಯಿ ನಡೆಸುತ್ತಿದ್ದ ಚದುರಂಗ. ಅದು ತನಗೇ ಬೇಕೆಂದು ಇಬ್ಬರೂ ಹಟ ಹಿಡಿದು, ಅಂದಿನಿಂದ ಮಾತು ಬಿಟ್ಟು, ಮುಖ ನೋಡುವುದನ್ನೂ ಸುದ್ದಿ ಕೇಳುವುದನ್ನೂ ಬಿಟ್ಟಿದ್ದರು. ಮುನ್ಸೀಫರು ಬೇಸತ್ತು, "ಹೋಗಿ ಬೆಲೆ ಕಟ್ಟಿಕೊಂಡು ಬನ್ನಿ. ಯಾರಾದರೊಬ್ಬರು ಬಿಟ್ಟುಕೊಟ್ಟರೆ ಸರಿ. ಇಲ್ಲದಿದ್ದರೆ ಹರಾಜು ಹಾಕಿಸ್ತೀನಿ" ಎಂದರು. ನನಗೆ ಚದುರಂಗ ಬರುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆದರೆ "ಸರಿ ಸ್ವಾಮಿ" ಎಂಬ ಮಾತು ಹೊರಬಂತು.

ಉರಿಬಿಸಿಲಿನ ದಿನಗಳು. ಬೆಳಗಿನ ಬಸ್ಸಿಗೆ ಹೊರಟು ಹೊಸನಗರದಲ್ಲಿ ಇಳಿದೆ. ಮನೆ ಪೇಟೆಯ ಬೀದಿಯಲ್ಲೇ ಇತ್ತು. ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಆ ಗೋಡೆ ಹಿತ್ತಿಲ ಕಡೆಗೆ ಸಾಗಿ, ಮಧ್ಯದ ಒಂದು ಕೋಣೆಯ ಹತ್ತಿರ ನಿಂತುಬಿಟ್ಟಿತ್ತು. ಪಂಡಿತರು ಆಡುತ್ತಿದ್ದದ್ದು ಆ ಕೋಣೆಯಲ್ಲಿ. ಅದಕ್ಕೆ ಎರಡು ಬಾಗಿಲು, ಅಣ್ಣನ ಪಾಲಿನಿಂದ ಒಂದು, ತಮ್ಮನ ಪಾಲಿನಿಂದ ಇನ್ನೊಂದು. ಜಗಳದ ದಿನ ಇಬ್ಬರೂ ಇನ್ನು ಈ ಕೋಣೆಗೆ ಕಾಲಿಡುವುದಿಲ್ಲವೆಂದು ಬೀದಿಗೆ ಕೇಳುವಂತೆ ಕೂಗಿದ್ದರಂತೆ. ಅಣ್ಣ ತನ್ನ ಬಾಗಿಲಿಗೆ ಬೀಗ ಜಡಿದು ಬೀಗದ ಕೈಯನ್ನು ಜನರೆದುರಿಗೆ ಬಾವಿಗೆ ಎಸೆದಿದ್ದರು. ತಮ್ಮ ತನ್ನ ಬಾಗಿಲಿಗೆ ಅಡ್ಡ ಹಲಗೆ ಇಟ್ಟು ಮೊಳೆ ಹೊಡೆದಿದ್ದ. ಇದನ್ನೆಲ್ಲ ಬಸ್ ಸ್ಟ್ಯಾಂಡಿನ ಹೋಟೆಲಿನವನೇ ನನಗೆ ಹೇಳಿದ. ಹೇಳಿ, ದೋಸೆ ತಟ್ಟೆ ಇಡುತ್ತ, "ಒಳಗೆ ಕಾಯಿ ಇಡೋ ಸದ್ದು ಆಗ್ತದೆ ಅಂತಾರಪ್ಪ. ನಾನು ಕೇಳಿದ್ದಲ್ಲ. ಚಟ್ನಿ ಹಾಕ್ಲಾ?" ಎಂದ.

ಇಬ್ಬರೂ ಒಟ್ಟಿಗೆ ನಿಲ್ಲಲು ಒಪ್ಪದ ಕಾರಣ ಬೆಳಿಗ್ಗೆ ಅಣ್ಣನ ಕಡೆಯಿಂದ, ಮಧ್ಯಾಹ್ನದ ಮೇಲೆ ತಮ್ಮನ ಕಡೆಯಿಂದ ಒಳಗೆ ಹೋಗುವುದೆಂದು ಏರ್ಪಾಡಾಯಿತು. ಅನಂತಯ್ಯನವರು ತೆಳ್ಳಗಿನ ಬೋಳುತಲೆಯ ಮನುಷ್ಯ. ಆಚೀಚೆ ನೋಡಿ, ಸೊಂಟದ ದಾರದಿಂದ ಒಂದು ಬೀಗದ ಕೈ ಬಿಚ್ಚಿದರು. "ಬಾವಿಗೆ ಹಾಕಿದ್ದು ಒಂದು. ಇದು ಇನ್ನೊಂದು. ಇದು ಇದೆ ಅಂತ ಯಾರಿಗೂ ಗೊತ್ತಿಲ್ಲ. ನೀವೂ ಹೇಳೋದು ಬೇಡ" ಎಂದು ಪಿಸುಗುಟ್ಟಿದರು. ಬಾಗಿಲು ಸದ್ದಿಲ್ಲದೆ ತೆರೆಯಿತು. ಒಂಬತ್ತು ವರ್ಷ ಮುಚ್ಚಿದ ಬಾಗಿಲು ಹೀಗೆ ಎಣ್ಣೆ ಹಾಕಿದಂತೆ ತೆರೆಯಬಾರದು ಎಂದು ನನಗೆ ಆಗ ಹೊಳೆಯಲಿಲ್ಲ.

ಒಳಗೆ ಕತ್ತಲೆ. ಮಾಡಿನಲ್ಲಿದ್ದ ಒಂದು ಗಾಜಿನ ಹೆಂಚಿನಿಂದ ಬಿಸಿಲಕೋಲು ನೇರವಾಗಿ ಮಣೆಯ ಮೇಲೆ ಬಿದ್ದಿತ್ತು. ಅರಿಷ್ಟ, ಕಷಾಯದಂಥ ಹಳೆಯ ಔಷಧಿಗಳ ವಾಸನೆ. ನೆಲದಲ್ಲಿ ಧೂಳು, ಕಪಾಟಿನಲ್ಲಿ ಧೂಳು, ಆದರೆ ಮಣೆ ಮತ್ತು ಕಾಯಿಗಳು ಈಗ ತಾನೇ ಒರೆಸಿಟ್ಟಂತೆ ಹೊಳೆಯುತ್ತಿದ್ದವು. ಒಂದು ಕಡೆ ಬಿಳಿ, ಇನ್ನೊಂದು ಕಡೆ ಕೆಂಪು ಬಣ್ಣ ಹಾಕಿದ ದಂತ. ರಾಜ ಅಂಬಾರಿಯಲ್ಲಿ ಕೂತಿದ್ದಾನೆ, ಒಂಟೆಯ ಮೇಲೆ ಸವಾರ, ಕಾಲಾಳುಗಳ ಕೈಯಲ್ಲಿ ಕೂದಲೆಳೆಯಂಥ ಭರ್ಜಿ. ಆಟ ಅರ್ಧಕ್ಕೆ ನಿಂತಿತ್ತು. ಮಣೆಯ ಪಕ್ಕದಲ್ಲಿ ಪಂಡಿತರ ಕುರ್ಚಿ. ಬಗ್ಗಿ ಕಾಯಿ ಎತ್ತಲು ಕೈ ಚಾಚಿದೆ.

"ಮುಟ್ಬೇಡಿ!" ಎಂದರು ಹೊಸಿಲಿನಲ್ಲೇ ನಿಂತ ಅನಂತಯ್ಯ. ಮಕ್ಕಳ ಬೆನ್ನಿಗೆ ಬಾರಿಸಿದ ಮಾಸ್ತರರ ದನಿ ಅದು. ನನ್ನ ಕೈ ತಾನಾಗಿ ಹಿಂದಕ್ಕೆ ಬಂತು. "ಆಟ ಕೆಡ್ತದೆ. ನೋಡಿ ಬರ್ಕೊಳ್ಳಿ."

ಚದುರಂಗ ಬಾರದವನು ಮಾಡಬಹುದಾದದ್ದನ್ನೇ ನಾನು ಮಾಡಿದೆ. ಕಾಗದದಲ್ಲಿ ಅರವತ್ತನಾಲ್ಕು ಮನೆ ಗೀಟು ಹಾಕಿ, ಯಾವ ಕಾಯಿ ಎಲ್ಲಿದೆಯೆಂದು ತುಂಬಿದೆ. ಬಿದ್ದ ಕಾಯಿಗಳು ಔಷಧಿಯ ಪೆಟ್ಟಿಗೆಯಲ್ಲಿದ್ದವು. ಎಲ್ಲ ಸೇರಿ ಮೂವತ್ತೆರಡು. ಸಾಗರದಲ್ಲಿ ಯಾರಿಗಾದರೂ ತೋರಿಸಬೇಕೆಂದು ಪೆಟ್ಟಿಗೆಯಿಂದ ಒಂದು ಬಿಳಿ ಆನೆಯನ್ನು ಕೇಳಿದೆ. "ಸತ್ತದ್ದು ತಾನೆ, ತಗೊಂಡ್ಹೋಗಿ" ಎಂದರು.

ಊಟ ಮಾಡಿ, ಹೋಟೆಲಿನ ಬೆಂಚಿನ ಮೇಲೆ ಒಂದು ನಿದ್ದೆ ತೆಗೆದು, ಮೂರೂವರೆಗೆ ತಮ್ಮನ ಬಾಗಿಲಿಗೆ ಹೋದೆ. ಶ್ರೀಪತಯ್ಯ ಇಕ್ಕಳ ಹಿಡಿದು ಸಿದ್ಧನಾಗಿದ್ದ. "ಒಂಬತ್ತು ವರ್ಷದ ಮೊಳೆ ಮಾರಾಯ್ರೆ, ಸ್ವಲ್ಪ ತಡೀರಿ" ಎಂದು ಬಲ ಹಾಕುವವನಂತೆ ಮುಖ ಕಿವುಚಿದ. ಮೊಳೆಗಳು ಮಾಲೆಯಿಂದ ಹೂವು ಜಾರಿದಂತೆ ಜಾರಿದವು. ಮರಕ್ಕೆ ಗೆದ್ದಲು ಹಿಡಿದಿರಬೇಕೆಂದುಕೊಂಡೆ. ಒಳಗೆ ಹೋಗಿ ನನ್ನ ಕಾಗದವನ್ನು ಮಣೆಯ ಪಕ್ಕದಲ್ಲಿ ಹಿಡಿದು ತಾಳೆ ನೋಡಿದೆ. ಎಲ್ಲ ಸರಿಯಿತ್ತು, ಒಂದನ್ನು ಬಿಟ್ಟು. ಬೆಳಿಗ್ಗೆ ಮೂಲೆಯಲ್ಲಿದ್ದ ಕೆಂಪು ಕುದುರೆ ಈಗ ನಡುವಿಗೆ ಬಂದು ನಿಂತಿತ್ತು.

ಅಣ್ಣನ ಬಾಗಿಲಿಗೆ ನನ್ನೆದುರೇ ಬೀಗ ಬಿದ್ದಿತ್ತು, ತಮ್ಮನ ಬಾಗಿಲಿಗೆ ಮೊಳೆ ಇತ್ತು. ವಕೀಲನಾದವನ ಬುದ್ಧಿ ಅಲ್ಲಿ ಓಡಬೇಕಿತ್ತು. ಓಡಿದ್ದು ಕಾಲು. ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಹೊರಗೆ ಬಂದಾಗ ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು.

ಆ ಬಿಳಿ ಆನೆಯನ್ನು ಮನೆಯೊಳಗೆ ತರಲು ಹೆಂಡತಿ ಬಿಡಲಿಲ್ಲ. "ಸತ್ತವರ ಆಟದ ಸಾಮಾನು ಎಂತಕ್ಕೆ ತಂದ್ರಿ? ಆಫೀಸಲ್ಲೇ ಇಟ್ಕೊಳ್ಳಿ" ಎಂದಳು. ಆಫೀಸೆಂದು ಕರೆಯುತ್ತಿದ್ದ ಹೊರಕೋಣೆಯ ಮೇಜಿನ ಮೇಲಿಟ್ಟು ಓದಲು ಕೂತರೆ ಅದು ನನ್ನನ್ನೇ ನೋಡುತ್ತಿದೆ ಎನ್ನಿಸಿತು. ಗೋಡೆಯ ಕಡೆಗೆ ತಿರುಗಿಸಿಟ್ಟೆ. ಆಗಲೂ ನೋಡುತ್ತಿತ್ತು. ಗೋಡೆಗೆ ತೂಗುಹಾಕಿದ್ದ ನನ್ನ ಪದವಿ ಪತ್ರದ ಗಾಜಿನಲ್ಲಿ ಅದರ ಎರಡು ಸಣ್ಣ ಕಣ್ಣುಗಳು ಕಾಣುತ್ತಿದ್ದವು. ಆ ಪದವಿಯಿಂದ ನನಗೆ ಅಲ್ಲಿಯವರೆಗೆ ಒಂದು ಉಪಯೋಗವೂ ಆಗಿರಲಿಲ್ಲ. ಈಗ ಉಪದ್ರವವೂ ಶುರುವಾಯಿತು.

ಮರುದಿನ ಬೆಳಿಗ್ಗೆಯೇ ಅದನ್ನು ಗುಡಿಗಾರರ ಕೇರಿಗೆ ಒಯ್ದೆ. ಗಂಧ, ದಂತ ಕೆತ್ತುವುದರಲ್ಲಿ ಆ ಕೇರಿಯ ಹಿರಿಯರೊಬ್ಬರಿಗೆ ಮಿಗಿಲಾದವರಿರಲಿಲ್ಲ. "ಬಿದನೂರು ಅರಮನೆಯದಂತೆ" ಎಂದು ಆನೆಯನ್ನು ಅವರ ಕೈಗಿಟ್ಟೆ. ನಮ್ಮ ಕಡೆ ಯಾವ ಮನೆಯ ಸೌಟು ಸ್ವಲ್ಪ ಹಳೆಯದಾದರೂ ಅದು ಬಿದನೂರು ಅರಮನೆಯದು. ಮುದುಕರು ನಕ್ಕರು. ಆನೆಯನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿದರು, ತಳ ನೋಡಿದರು, ಬಿಸಿಲಿಗೆ ಹಿಡಿದು ಗೆರೆಗಳನ್ನು ನೋಡಿದರು. "ಅರಮನೆನೂ ಅಲ್ಲ ಎಂತದೂ ಅಲ್ಲ. ಇದು ಇದೇ ಕೇರಿ ಕೆಲಸ. ನಮ್ಮ ಮುತ್ತಜ್ಜನ ಕಾಲದ್ದಿರಬೇಕು. ಒಳ್ಳೇ ದಂತ, ಸೀಳಿಲ್ಲ. ಪೂರಾ ಇದ್ರೆ ಮುನ್ನೂರು ರೂಪಾಯಿಗೆ ಮೋಸ ಇಲ್ಲ" ಎನ್ನುತ್ತ ಅದರ ಮುಖವನ್ನು ತಮ್ಮ ಕಡೆಗೆ ತಿರುಗಿಸಿದರು. ಆನೆಯನ್ನು ಮೆಲ್ಲಗೆ ಕೆಳಗಿಟ್ಟು ಕೈಯನ್ನು ಪಂಚೆಗೆ ಒರೆಸಿಕೊಂಡರು.

"ಎಂತ ಆಯ್ತು?" ಎಂದೆ.

"ಆಟದ ಕಾಯಿಗೆ ನಮ್ಮಲ್ಲಿ ಕಣ್ಣು ಬಿಡಿಸೋದಿಲ್ಲ ವಕೀಲ್ರೆ. ದೇವರ ಮೂರ್ತಿಗೆ ಬಿಡಿಸ್ತೀವಿ. ಕಾಯಿಗಿಲ್ಲ. ಕಣ್ಣು ಬಂದ್ರೆ ಅದು ಹೇಳ್ದಲ್ಲಿ ಹೋಗೋದಿಲ್ಲ, ಕಂಡಲ್ಲಿ ಹೋಗ್ತದೆ. ಇದಕ್ಕೆ ಆಮೇಲೆ ಯಾರೋ ಸೂಜಿಯಲ್ಲಿ ಬಿಡಿಸಿದ್ದಾರೆ."

"ಹಾಗಾದ್ರೆ ಬೆಲೆ?"

"ನೀವು ಬಿಟ್ಟಿ ಕೊಟ್ರೂ ನಾನು ಇಟ್ಕೊಳ್ಳೋದಿಲ್ಲ" ಎಂದು ಕಾಲುಬೆರಳಿನಿಂದ ಆನೆಯನ್ನು ನನ್ನ ಕಡೆಗೆ ಸರಿಸಿದರು.

ಎರಡು ವಾರ ಆ ಕೆಲಸವನ್ನು ಮುಂದೂಡಿದೆ. ಮುನ್ಸೀಫರು ಎರಡು ಸಲ ವರದಿ ಕೇಳಿದ ಮೇಲೆ ಆನೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮತ್ತೆ ಹೊಸನಗರಕ್ಕೆ ಹೋದೆ. ಕೋಣೆಯೊಳಗೆ ಹೋಗಿ ಅನಂತಯ್ಯನವರನ್ನು ಮೊದಲು ಕೇಳಿದ್ದೇ ಕಣ್ಣಿನ ವಿಚಾರ.

"ಅಪ್ಪಯ್ಯನೇ ಬಿಡಿಸಿದ್ದು" ಎಂದರು. "ಕೊನೇ ವರ್ಷ ಅವರಿಗೆ ಕಣ್ಣು ಮಂಜಾಗ್ತಾ ಬಂತು. ಪೂರ್ತಿ ಹೋಗೋ ಮೊದ್ಲು ಒಂದೊಂದೇ ಕಾಯಿ ಹಿಡ್ಕೊಂಡು ಸೂಜಿಯಿಂದ ಕೊರೆದ್ರು. ನಂಗೆ ಕಾಣೋದಿಲ್ಲ, ಅವಕ್ಕಾದ್ರೂ ಕಾಣ್ಲಿ ಅಂದ್ರು."

ನನ್ನ ಕರವಸ್ತ್ರದ ಗಂಟು ಅಲುಗಿದಂತಾಯಿತು. ಅದನ್ನು ಇನ್ನೊಂದು ಕೈಗೆ ಬದಲಾಯಿಸಿದೆ. ನನ್ನ ಮುಖ ನೋಡಿ ಅನಂತಯ್ಯ ಬಾಗಿಲು ಮುಂದೆ ಮಾಡಿ ಹತ್ತಿರ ಬಂದರು. "ನೀವು ಕೋರ್ಟಿನವರು, ನಿಮ್ಮತ್ರ ಮುಚ್ಚಿಡಬಾರ್ದು. ಈ ಮಣೆಯನ್ನ ಇಲ್ಲಿಂದ ತೆಗೆಸ್ಬೇಡಿ. ಅಪ್ಪಯ್ಯ ಇನ್ನೂ ಆಡ್ತಾರೆ."

ನಾನು ಗೋಡೆಗೆ ಒರಗಿಕೊಂಡೆ.

"ಮೊದಲ ವರ್ಷದ ತಿಥಿ ಆದ ಮಾರನೇ ದಿನ ತಡೀಲಿಕ್ಕಾಗದೆ ಒಳಗೆ ಬಂದೆ. ಅವರು ಆಡಿಬಿಟ್ಟ ಆಟ ಹಾಗೇ ಇತ್ತು. ಒಂದು ಬಿಳಿ ಕಾಲಾಳು ಮುಂದಿಟ್ಟೆ. ಮರುದಿನ ಬಂದು ನೋಡ್ತೀನಿ, ಕೆಂಪು ಒಂಟೆ ಎದುರಿಗೆ ಬಂದು ಕೂತಿದೆ. ಅವತ್ತಿಂದ ದಿನಾ ಬೆಳಿಗ್ಗೆ ಸ್ನಾನ ಮಾಡಿ ಬರ್ತೀನಿ. ಅರವತ್ತು ಆಟ ಮುಗಿದಿದೆ. ನಲವತ್ತು ಅಪ್ಪಯ್ಯ ಗೆದ್ರು, ಇಪ್ಪತ್ತು ನಂಗೆ ಬಿಟ್ಟುಕೊಟ್ರು."

"ಭಯ ಆಗೋದಿಲ್ವಾ?"

"ಅಪ್ಪಯ್ಯಂಗೆ ಎಂತ ಭಯ ಮಾರಾಯ್ರೆ? ಭಯ ಇದ್ದದ್ದು ಬದುಕಿದ್ದಾಗ." ಅವರ ಕಣ್ಣು ತುಂಬಿತ್ತು.

ಮಧ್ಯಾಹ್ನದ ಮೇಲೆ ತಮ್ಮನ ಕಡೆಗೆ ಹೋದೆ. ಹರಾಜಿನ ಮಾತೆತ್ತಿದೊಡನೆ ಶ್ರೀಪತಯ್ಯ ನನ್ನ ಎರಡೂ ಕೈ ಹಿಡಿದುಕೊಂಡ. "ಎಂತ ಬೇಕಾದ್ರೂ ಬರೀರಿ ಸ್ವಾಮಿ, ಅದನ್ನ ಅಲ್ಲಿಂದ ಕದಲಿಸ್ಬೇಡಿ. ಆ ಮೊಳೆ ನಾನು ಯಾವಾಗಲೋ ಕಿತ್ತಿದ್ದೀನಿ. ಅಂಗಡಿಯಿಂದ ಊಟಕ್ಕೆ ಬಂದವನು ದಿನಾ ಒಂದೂವರೆಗೆ ಒಳಗೆ ಹೋಗ್ತೀನಿ. ಅಪ್ಪಯ್ಯ ಬಿಳಿ, ನಾನು ಕೆಂಪು. ಬದುಕಿದ್ದಾಗ ನಂಗೆ ಒಂದಾಟ ಬಿಟ್ಟುಕೊಟ್ಟವರಲ್ಲ. ಈಗ ಅರವತ್ತರಲ್ಲಿ ನಲವತ್ತು ನಾನೇ ಗೆದ್ದಿದ್ದೀನಿ" ಎಂದ. ಎಂಟು ವರ್ಷದಿಂದ ಯಾರಿಗೂ ಹೇಳಲಾಗದೆ ಉಳಿದಿದ್ದ ಹೆಮ್ಮೆ ಅವನ ಮುಖದಲ್ಲಿತ್ತು.

ಅಲ್ಲಿಗೆ ನನ್ನಂಥವನಿಗೂ ಅರ್ಥವಾಯಿತು. ಅಣ್ಣ ಸೋತ ನಲವತ್ತು, ತಮ್ಮ ಗೆದ್ದ ನಲವತ್ತು. ಅಪ್ಪನೆಂದುಕೊಂಡು ಇಬ್ಬರೂ ಒಬ್ಬರೊಡನೊಬ್ಬರು ಆಡಿಕೊಂಡಿದ್ದರು. ದೆವ್ವದ ಭಯ ಹೋಯಿತೆಂದು ಒಂದು ಲೋಟ ಕಾಫಿ ನೆಮ್ಮದಿಯಿಂದ ಕುಡಿದೆ. ಲೋಟ ಕೆಳಗಿಡುವಷ್ಟರಲ್ಲಿ ಬೇರೆ ಸಂಕಟ ಶುರುವಾಯಿತು. ಹೇಳಿದರೆ ಇಬ್ಬರು ಮುದುಕರ ತಂದೆಯನ್ನು ನಾನು ಎರಡನೆಯ ಸಲ ಸಾಯಿಸಿದಂತೆ. ಹೇಳದಿದ್ದರೆ ಮಣೆ ಹರಾಜಾಗಿ ಶಿವಮೊಗ್ಗದ ಯಾವನೋ ಸಾಹುಕಾರನ ಷೋಕೇಸಿಗೆ ಹೋಗುತ್ತದೆ. ಆ ರಾತ್ರಿ ಪರಿಚಯದವರ ಮನೆಯಲ್ಲಿ ಉಳಿದೆ. ಬೆಳಗಾಗುವಾಗ ಒಂದು ಉಪಾಯ ತೋಚಿತು. ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದವನ ಉಪಾಯ ಅದು.

ಮರುದಿನ ಹನ್ನೊಂದಕ್ಕೆ ಅನಂತಯ್ಯನವರ ಜೊತೆ ಕೋಣೆಗೆ ಹೊಕ್ಕು ಟೇಪು ಹಿಡಿದೆ. ಮಣೆಯ ಉದ್ದ, ಅಗಲ, ದಪ್ಪ ಅಳೆದೆ. ಮತ್ತೊಮ್ಮೆ ಅಳೆದೆ. ಕುರ್ಚಿ ಅಳೆದೆ, ಅದು ದಾವಾದಲ್ಲೇ ಇರಲಿಲ್ಲ. ಗಂಟೆ ಒಂದಾಯಿತು. "ಊಟ ಆರ್ತದೆ ಮಾರಾಯ್ರೆ" ಎಂದು ಅನಂತಯ್ಯ ಚಡಪಡಿಸಿದರು. "ಇನ್ನೈದೇ ನಿಮಿಷ" ಎಂದು ಪಂಡಿತರ ಕುರ್ಚಿಯಲ್ಲಿ ಕೂತು ಬರೆಯತೊಡಗಿದೆ. ಕುರ್ಚಿ ಬೆಚ್ಚಗಿತ್ತು, ಯಾರೋ ಈಗ ತಾನೇ ಎದ್ದುಹೋದಂತೆ. ಗಾಜಿನ ಹೆಂಚಿನ ಬಿಸಿಲು ಬಿದ್ದು ಕಾದಿರಬೇಕು ಎಂದು ತಲೆ ಎತ್ತಿದೆ. ಬಿಸಿಲು ಮಣೆಯ ಆಚೆಯ ಅಂಚಿನಲ್ಲಿತ್ತು. ಬರವಣಿಗೆ ನಿಂತುಕೊಂಡೂ ಆಗುತ್ತದೆಂದು ಎದ್ದುಬಿಟ್ಟೆ.

ಅಷ್ಟರಲ್ಲಿ ಆಚೆಯ ಬಾಗಿಲಲ್ಲಿ ಮೊಳೆ ಜಾರಿದ ಸದ್ದು. ಒಂದು, ಎರಡು. ಅನಂತಯ್ಯ ನನ್ನ ತೋಳನ್ನು ಬಿಗಿಯಾಗಿ ಹಿಡಿದರು. "ಅಪ್ಪಯ್ಯ ಬಂದ್ರು" ಎಂದರು. ಬರುವವರು ಯಾರೆಂದು ಊರಿಗೆಲ್ಲ ಒಬ್ಬನಿಗೆ ಗೊತ್ತಿದ್ದರೆ ಅದು ನನಗೆ. ಆದರೂ ನಾನು ಅನಂತಯ್ಯನವರ ಹಿಂದೆ ಸರಿದೆ. ಬಾಗಿಲು ತೆರೆಯಿತು. ಬೆಳಕನ್ನು ಬೆನ್ನಿಗೆ ಹಾಕಿಕೊಂಡು ಒಂದು ತೆಳ್ಳಗಿನ ಆಕಾರ ನಿಂತಿತ್ತು, ಹೆಗಲಿಗೆ ಪಂಚೆ, ಬೋಳುತಲೆ, ಸ್ವಲ್ಪ ಬಾಗಿದ ಕತ್ತು. ಅನಂತಯ್ಯ ನೆಲಕ್ಕೆ ಬಿದ್ದು ನಮಸ್ಕಾರ ಮಾಡಿದರು. ಅವರು ಏಳುವಾಗ ಮುಖ ಬಿಸಿಲಕೋಲಿನೊಳಗೆ ಬಂತು. ಮಣೆಯ ಪಕ್ಕದಲ್ಲಿ ಬೆಳಕಿನಲ್ಲಿ ತೇಲಿದ ಆ ಮುಖ ನೋಡಿ ಬಾಗಿಲಲ್ಲಿದ್ದ ಶ್ರೀಪತಯ್ಯ "ಅಪ್ಪಯ್ಯಾ!" ಎಂದು ಕಿರುಚಿ ಬಾಗಿಲ ಚೌಕಟ್ಟು ಹಿಡಿದುಕೊಂಡ.

ಒಂಬತ್ತು ವರ್ಷ ಒಬ್ಬರ ಮುಖವನ್ನೊಬ್ಬರು ನೋಡದೆ ಇಬ್ಬರೂ ಮುದುಕರಾಗಿದ್ದರು. ಮುದುಕರಾಗುತ್ತ ಇಬ್ಬರೂ ತಂದೆಯ ಹಾಗಾಗಿದ್ದರು.

ಯಾರು ಯಾರೆಂದು ತಿಳಿಯಲು ಕೆಲವು ನಿಮಿಷ ಹಿಡಿಯಿತು. ನಾನು ತೊದಲುತ್ತ ಎಲ್ಲವನ್ನೂ ಹೇಳಿದೆ. ಹೊಡೆಯುತ್ತಾರೇನೋ ಎಂದು ಬಾಗಿಲ ಹತ್ತಿರ ಸರಿದೆ. ಕೊನೆಗೆ ಅಣ್ಣ ಒಂಬತ್ತು ವರ್ಷದ ಮೊದಲ ಮಾತನ್ನಾಡಿದರು.

"ಹೋದ ತಿಂಗಳು ಆ ಒಂಟೆಯನ್ನ ಹಾಗೆ ಬಲಿ ಕೊಡೋದಾ? ಅಪ್ಪಯ್ಯ ಆದ್ರೆ ಹಾಗೆ ಆಡ್ತಾರಾ ಅಂತ ಅವತ್ತೇ ಅನುಮಾನ ಬಂದಿತ್ತು."

"ನಿಂದೇನು ಕಡಿಮೆಯಾ?" ಎಂದ ತಮ್ಮ, ಕಣ್ಣೊರೆಸಿಕೊಳ್ಳುತ್ತ. "ಆದ್ರೆ ಹೋದ ಬೇಸಿಗೆಯಲ್ಲಿ ಒಂದು ಆನೆ ಬಿಟ್ಟುಕೊಟ್ಟು ನನ್ನ ಮಂತ್ರಿ ಹೊಡೆದ್ಯಲ್ಲ, ಅದೊಂದು ಚಂದ ಇತ್ತು ಅಣ್ಣಯ್ಯ. ಆ ಒಂದೇ ಏಟಿಗೆ ಆಟ ಸೋತೆ."

"ಯಾವ ಬೇಸಿಗೆ?"

"ಹೋದ ವರ್ಷ. ಯುಗಾದಿ ಕಳೆದು ಹದಿನೈದು ದಿನಕ್ಕೆ. ನಾಲ್ಕು ನಡೆಯಲ್ಲಿ ಮುಗಿಸಿದ್ಯಲ್ಲ."

ಅನಂತಯ್ಯನವರ ಬಣ್ಣ ಇಳಿಯಿತು. "ಯುಗಾದಿಯಿಂದ ಒಂದೂವರೆ ತಿಂಗಳು ನಾನು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದೆ. ಹೊಟ್ಟೆ ಆಪರೇಷನ್. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಬಂದು ನೋಡಿದ್ರೆ ಕಾಯಿ ಹೊಸ ಆಟಕ್ಕೆ ಜೋಡಿಸಿತ್ತು. ನಂಗೆ ಬಿಟ್ಟುಕೊಟ್ಟು ಜೋಡಿಸಿದ್ದಾರೆ ಅಂದ್ಕೊಂಡೆ."

ಇಬ್ಬರೂ ಕುರ್ಚಿಯನ್ನು ನೋಡಿದರು. ಆಮೇಲೆ, ಅದರಲ್ಲಿ ಸ್ವಲ್ಪ ಮುಂಚೆ ಕೂತಿದ್ದ ನನ್ನನ್ನು ನೋಡಿದರು. ಬಿಸಿಲಕೋಲು ಮಣೆಯಿಂದ ಜಾರಿ ನೆಲಕ್ಕೆ ಇಳಿಯಿತು. ನಾನು ಕರವಸ್ತ್ರ ಬಿಚ್ಚಿ, ಬಿಳಿ ಆನೆಯನ್ನು ಔಷಧಿಯ ಪೆಟ್ಟಿಗೆಯಲ್ಲಿ ಕಣ್ಣು ಕೆಳಗಾಗಿ ಮಲಗಿಸಿ ಹೊರಟುಬಿಟ್ಟೆ.

ವರದಿಯನ್ನು ಚಿಕ್ಕದಾಗಿ ಬರೆದೆ. ದಂತದ ಕಾಯಿ ಮೂವತ್ತೆರಡು. ಒಂದು ಕೆಂಪು ಕುದುರೆಯ ಕಿವಿ ಮುಕ್ಕಾಗಿದೆ. ಮಣೆಯ ಒಂದು ಮೂಲೆಗೆ ಗೆದ್ದಲು ತಗುಲಿದೆ. ಸುಮಾರು ನೂರು ವರ್ಷದ ಸಾಗರದ ಕೆಲಸ. ಕಣ್ಣುಗಳನ್ನು ಆಮೇಲೆ ಕೊರೆದಿರುವುದರಿಂದ ಕೊಳ್ಳುವವರು ಸಿಗುವುದು ಕಷ್ಟ. ಹಕ್ಕುದಾರರು ಇಬ್ಬರು, ಸಮಪಾಲು.

ವಿಚಾರಣೆಯ ದಿನ ಅಣ್ಣತಮ್ಮಂದಿರು ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಬಂದರು. ಕೋರ್ಟಿಗೆ ಒಂದು ಅರ್ಜಿ ಕೊಟ್ಟರು. ಕೆಳಗೆ ಇಬ್ಬರ ಸಹಿಯೂ ಇತ್ತು. ದಾವಾ ವಾಪಸು ತೆಗೆದುಕೊಳ್ಳುತ್ತೇವೆ ಎಂಬುದು ಅದರ ಕೊನೆಯ ಸಾಲು. ಮೇಲಿನದೆಲ್ಲ ನನ್ನ ವರದಿಯ ಮೇಲಿನ ಆಕ್ಷೇಪಣೆ. ಮುನ್ಸೀಫರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. "ಸೊತ್ತಿಗೆ ಹಕ್ಕುದಾರರು ಇಬ್ಬರೇ ಎಂದು ಕಮಿಷನರ್ ಅವರು ಬರೆದಿರುವುದು ತಪ್ಪು. ಮೂರನೆಯವರೊಬ್ಬರಿದ್ದಾರೆ. ಅವರು ಈಗಲೂ ಅದನ್ನು ಉಪಯೋಗಿಸುತ್ತಿರುವುದರಿಂದ ಹರಾಜಾಗಲಿ ಪಾಲಾಗಲಿ ಕೂಡದು."

ಓದಿ ನನ್ನ ಕಡೆ ನೋಡಿದರು. "ಏನ್ರೀ ಇದು? ಯಾರು ಆ ಮೂರನೆಯವರು? ಅಷ್ಟು ಸಲ ಹೋಗಿಬಂದ್ರಿ, ಅವರನ್ನ ಕಾಣಲಿಲ್ವೆ?"

ಕೋರ್ಟು ಹಾಲಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಅಣ್ಣತಮ್ಮಂದಿರು ನೆಲ ನೋಡುತ್ತ ಕೂತಿದ್ದರು.

"ಕಾಣಲಿಲ್ಲ ಸ್ವಾಮಿ" ಎಂದೆ. "ಕುರ್ಚಿ ಬೆಚ್ಚಗಿತ್ತು."

ಮುನ್ಸೀಫರು ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ "ಕಮಿಷನರ್ ವರದಿ ಅಪೂರ್ಣ" ಎಂದು ಬರೆದರು. ಒಬ್ಬ ವಕೀಲನ ಮರ್ಯಾದೆಗೆ ಅದು ಸಣ್ಣ ಪೆಟ್ಟಲ್ಲ. ಎದ್ದುನಿಂತು ತಕರಾರು ಮಾಡುವ ಹಕ್ಕು ನನಗಿತ್ತು, ಪಕ್ಕದಲ್ಲಿದ್ದ ಹಿರಿಯ ವಕೀಲರೂ ಮೊಣಕೈಯಿಂದ ತಿವಿದರು. ನಾನು ಏಳಲಿಲ್ಲ. ಎದ್ದಿದ್ದರೆ ಮುನ್ಸೀಫರು "ಹಾಗಾದರೆ ಇನ್ನೊಮ್ಮೆ ಹೋಗಿ ಪೂರ್ಣ ಮಾಡಿಕೊಂಡು ಬನ್ನಿ" ಎನ್ನುತ್ತಿದ್ದರು.